ಓಮ್ ನೋಡದೆ ವಾಟ್ ಏರಿಸಬೇಡಿ: ವೇಪ್ ವಾದಗಳಿಗೆ ಪ್ರತ್ಯುತ್ತರ

ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಒದ್ದಾಡುವ ವಯಸ್ಕರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ವೇಪ್ ಅನ್ನು, ಅಂದರೆ ಇ-ಸಿಗರೇಟನ್ನು, ಒಂದು ದಾರಿಯಾಗಿ ಸೂಚಿಸುತ್ತದೆ. ಹೀಗೆ ವೇಪ್ ಹಿಡಿದ ಹೊಸಬರು ಗೊಂದಲಕ್ಕೆ ಬೀಳುವುದು ದ್ರವವನ್ನು ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್, ಮೇಲಿನ ಓಮ್ ಮತ್ತು ಪರದೆಯ ಮೇಲಿನ ವಾಟ್ ಎಂಬ ಎರಡು ಅಂಕಿಗಳಲ್ಲಿ. ಇವುಗಳ ಬಗ್ಗೆ ಐದು ಮಾತುಗಳು ಧಾರಾಳವಾಗಿ ಹರಿದಾಡುತ್ತಿವೆ. ನಂಬಿದವರಿಗೆ ಹಾನಿಯಾಗುವುದರಿಂದ ಒಂದೊಂದಕ್ಕೂ ಉತ್ತರ ಕೊಡಲೇಬೇಕು.

1. ‘ಹೊಸಬರಿಗೆ ಲೆಕ್ಕ ಬೇಡ, ಸಾಧನವೇ ನೋಡಿಕೊಳ್ಳುತ್ತದೆ.’

ಅರ್ಧ ನಿಜ. ನಿಯಂತ್ರಣ ಸರ್ಕಿಟ್ ಇರುವ ಸಾಧನ ಕಾಯಿಲ್‌ನ ರೋಧವನ್ನು (ಓಮ್) ಅಳೆಯುತ್ತದೆ, ಶಾರ್ಟ್ ಆದರೆ ವಿದ್ಯುತ್ ಕಡಿದುಹಾಕುತ್ತದೆ. ಆದರೆ ಗುಂಡಿ ಒತ್ತಿ ವಾಟ್ ಏರಿಸುವುದು ಬಳಸುವವರ ಬೆರಳು. ಸರ್ಕಿಟ್ಟೇ ಇಲ್ಲದೆ ಬ್ಯಾಟರಿಯನ್ನು ನೇರವಾಗಿ ಕಾಯಿಲ್‌ಗೆ ಜೋಡಿಸುವ ಮೆಕ್ಯಾನಿಕಲ್ ಸಾಧನಗಳೂ ಇವೆ. ಲೆಕ್ಕವೂ ಹೈಸ್ಕೂಲಿನದೇ: ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್, ಆಂಪಿಯರನ್ನು ವೋಲ್ಟ್‌ನಿಂದ ಗುಣಿಸಿದರೆ ವಾಟ್. ಇದನ್ನು ಕಲಿಯಬೇಡಿ ಎನ್ನುವುದು ಉಪಕಾರವಲ್ಲ.

2. ‘ಓಮ್ ಕಡಿಮೆಯಿದ್ದರೆ ಕಾವೂ ಕಡಿಮೆ.’

ಪೂರ್ತಿ ತಲೆಕೆಳಗಾದ ಮಾತು. ತುಂಬಿದ ಲಿಥಿಯಂ ಅಯಾನ್ ಬ್ಯಾಟರಿ 4.2 ವೋಲ್ಟ್ ಕೊಡುತ್ತದೆ. ಅದನ್ನು ನೇರವಾಗಿ 1.8 ಓಮ್ ಕಾಯಿಲ್‌ಗೆ ಜೋಡಿಸಿದರೆ ಹರಿಯುವುದು ಸುಮಾರು 2.3 ಆಂಪಿಯರ್, ಸಿಗುವುದು ಸುಮಾರು 10 ವಾಟ್. 0.5 ಓಮ್ ಆದರೆ 8.4 ಆಂಪಿಯರ್, 35 ವಾಟ್. 0.15 ಓಮ್‌ಗೆ ಇಳಿದರೆ 28 ಆಂಪಿಯರ್, ಸುಮಾರು 118 ವಾಟ್! ಈ ಸಾಧನಗಳಲ್ಲಿ ಹೆಚ್ಚಾಗಿ ಬಳಸುವ 18650 ಬ್ಯಾಟರಿಗಳಲ್ಲಿ ಎಷ್ಟೋ 20 ಆಂಪಿಯರ್ ದಾಟಿದರೆ ತಡೆಯಲಾರವು. ಮಿತಿ ಮೀರಿದರೆ ಬ್ಯಾಟರಿ ಕಾದು, ಉಬ್ಬಿ, ಬೆಂಕಿ ಹತ್ತಬಹುದು.

3. ‘ವಾಟ್ ಹೆಚ್ಚಿದಷ್ಟೂ ತೃಪ್ತಿ ಹೆಚ್ಚು.’

ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290 ಡಿಗ್ರಿಯಲ್ಲಿ ಕುದಿಯುತ್ತದೆ. ಹತ್ತಿಯ ಬತ್ತಿ ದ್ರವವನ್ನು ಹೀರಿ ತರುತ್ತಿರುವವರೆಗೆ ಶಾಖವೆಲ್ಲ ಅದನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಬತ್ತಿ ತರುವುದಕ್ಕಿಂತ ಬೇಗ ದ್ರವ ಆರಿದರೆ, ದೊಡ್ಡ ಉರಿಯಲ್ಲಿಟ್ಟ ಹಾಲು ತಳ ಹಿಡಿಯುವಂತೆ, ಹತ್ತಿಯೇ ಸೀಯುತ್ತದೆ. ಕಡಿಮೆ ಓಮ್ ಕಾಯಿಲ್‌ಗಳಲ್ಲಿ ಸಾಮಾನ್ಯವಾಗಿ ತಂತಿ ದಪ್ಪ, ಮೇಲ್ಮೈ ಅಗಲ. ಅದಕ್ಕೇ 0.2 ಓಮ್ ಕಾಯಿಲ್ ಸುಲಭವಾಗಿ ತಾಳುವ 40 ವಾಟ್, 1.2 ಓಮ್‌ನ ಸಣ್ಣ ಕಾಯಿಲ್ ಅನ್ನು ಸುಟ್ಟುಹಾಕುತ್ತದೆ. ಆವಿ ಹೆಚ್ಚಿದಂತೆ ಒಳಹೋಗುವ ನಿಕೋಟಿನ್ ಕೂಡ ಹೆಚ್ಚುತ್ತದೆ. ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಎನ್ನುವುದು ಬ್ರಿಟನ್ನಿನ ಕಾನೂನು ಮಿತಿ. ಆ ಗಾಢ ದ್ರವವನ್ನು ಹೆಚ್ಚು ವಾಟ್‌ನಲ್ಲಿ ಸೇದಿದರೆ ತಲೆಸುತ್ತು, ವಾಕರಿಕೆ ಬರಬಹುದು. ಅದನ್ನು ತೃಪ್ತಿ ಎನ್ನಲಾಗದು.

4. ‘ಫಾರ್ಮಾಲ್ಡಿಹೈಡ್ ಎಂಬುದು ಬರೀ ಹೆದರಿಕೆ.’

2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ವೇಪ್ ಆವಿಯಲ್ಲಿ, 3.3 ವೋಲ್ಟ್‌ನಲ್ಲಿ ಕಾಣದ, ಫಾರ್ಮಾಲ್ಡಿಹೈಡ್ ಎಂಬ ವಿಷವನ್ನು ಬಿಡುಗಡೆ ಮಾಡುವ ಸಂಯುಕ್ತಗಳನ್ನು 5 ವೋಲ್ಟ್‌ನಲ್ಲಿ ಕಂಡರು. ಅಷ್ಟು ಕಾವಿನಲ್ಲಿ ಸುಟ್ಟ ರುಚಿ ತಾಳಲಾರದೆ ಯಾರೂ ಸೇದುವುದಿಲ್ಲ ಎಂಬ ಆಕ್ಷೇಪ ಬಂತು. ಬತ್ತಿ ಒಣಗಿದಾಗಲೇ ಇಂಥ ವಿಷ ಹೆಚ್ಚುತ್ತದೆ ಎಂದು ಗ್ರೀಸಿನ ಸಂಶೋಧಕ ಕಾನ್‌ಸ್ಟಾಂಟಿನೋಸ್ ಫಾರ್ಸಾಲಿನೋಸ್ ಅದೇ ವರ್ಷ ತೋರಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಅದೇ ಕಾಯಿಲ್‌ಗೆ 3.3ರ ಬದಲು 5 ವೋಲ್ಟ್ ಕೊಟ್ಟರೆ ವಾಟ್ ಸುಮಾರು 2.3 ಪಟ್ಟಾಗುತ್ತದೆ. ವಿಷವನ್ನು ಹೆಚ್ಚಿಸಿದ್ದು ಮಿತಿಮೀರಿದ ಶಾಖ ಎಂಬಲ್ಲಿ ಎರಡೂ ಕಡೆಯವರ ಫಲಿತಾಂಶಗಳು ಸೇರುತ್ತವೆ.

5. ‘ಸರಿಯಾಗಿ ಹೊಂದಿಸಿಕೊಂಡರೆ ಅದು ಬರೀ ನೀರಾವಿ.’

ಅಲ್ಲ. ಅದು ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕ ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ನಿಕೋಟಿನ್ ಇರುವ ಮಂಜು. ಸರಿಯಾದ ವಾಟ್ ಹತ್ತಿ ಸೀಯುವುದನ್ನು ತಪ್ಪಿಸಬಹುದು, ನಿಕೋಟಿನ್ನಿನ ಚಟವನ್ನಲ್ಲ. ಇನ್ನು ನಮ್ಮಲ್ಲಿನ ಕಾನೂನು: ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾನೂನು ದೇಶದಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತನ್ನು ಅಪರಾಧವಾಗಿಸಿತು. ಮೊದಲ ಬಾರಿಗೇ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬೆಂಗಳೂರಿನಲ್ಲಿ ಕದ್ದು ಮಾರುವ ಸಾಧನದ ಮೇಲೆ ಅಚ್ಚಾದ ಓಮ್‌ಗೆ ಯಾರ ಹೊಣೆಯೂ ಇಲ್ಲ.

ಹಾಗಾಗಿ ಕಾನೂನು ಒಪ್ಪುವ ದೇಶದಲ್ಲಿದ್ದು, ಸಿಗರೇಟು ಬಿಡಲೆಂದೇ ವೇಪ್ ಹಿಡಿದವರಲ್ಲಿ ನನ್ನ ವಿನಂತಿ ಇಷ್ಟೆ: ಕಾಯಿಲ್ ಮೇಲೆ ಬರೆದ ವಾಟ್ ಮಿತಿಯನ್ನು ಓದಿ, ಅದರ ಕೆಳಗಿನ ಅಂಕಿಯಿಂದ ಶುರುಮಾಡಿ, ಸುಟ್ಟ ರುಚಿ ಬಂದ ಕೂಡಲೇ ನಿಲ್ಲಿಸಿ, ಕೊನೆಗೆ ವೇಪನ್ನೂ ಬಿಡಿ. ಸಿಗರೇಟನ್ನೇ ಮುಟ್ಟದವರು ಇದನ್ನೂ ಮುಟ್ಟಬೇಡಿ.