ಖಾಲಿ ಕುರ್ಚಿಗಳ ಹೊಣೆ

ಹೊಸಪೇಟೆಯ ಟಾಕೀಸಿನಲ್ಲಿ ಮ್ಯಾಟಿನಿ ಆಟಕ್ಕೆ ಬೆರಳೆಣಿಕೆಯ ಜನ ಕೂರುವುದು, ಕಂಪ್ಲಿ, ಸಂಡೂರುಗಳಿಗೆ ಶುಕ್ರವಾರ ಬಂದ ಚಿತ್ರ ಮರು ಶುಕ್ರವಾರದವರೆಗೆ ನಿಲ್ಲದಿರುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. ಹೀಗೇಕಾಯಿತೆಂದು ಕೇಳಿದರೆ ಸಿದ್ಧ ಉತ್ತರವೊಂದು ದೊರೆಯುತ್ತದೆ: ಜನ ಮೊಬೈಲಿಗೆ ಒಗ್ಗಿಹೋಗಿದ್ದಾರೆ, ಮನೆಯಿಂದ ಹೊರಡಲು ಅವರಿಗೆ ಮನಸ್ಸಿಲ್ಲ. ಹೊಣೆಯನ್ನೆಲ್ಲ ಪ್ರೇಕ್ಷಕನ ತಲೆಗೆ ಕಟ್ಟುವ ಈ ಉತ್ತರದಲ್ಲಿ ಸತ್ಯದ ಅಂಶವಿದೆ. ಆದರೆ ಅದನ್ನೇ ಪೂರ್ಣ ಸತ್ಯವೆಂದು ಒಪ್ಪಿದರೆ, ನಿಜವಾಗಿ ಉತ್ತರ ಕೊಡಬೇಕಾದವರೆಲ್ಲ ಪಾರಾಗುತ್ತಾರೆ.

ಈ ಸೀಮೆಯ ಜನ ಒಟ್ಟಿಗೆ ಕುಳಿತು ನೋಡುವ ಸುಖವನ್ನು ಮರೆತವರಲ್ಲ. ಎಂ.ಪಿ. ಪ್ರಕಾಶ್ ಅವರ ಆಸ್ಥೆಯಿಂದ ರೂಪುಗೊಂಡ ಹಂಪಿ ಉತ್ಸವಕ್ಕೆ ಇಂದಿಗೂ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜನ ಬರುತ್ತಾರೆ, ತಡರಾತ್ರಿಯವರೆಗೂ ಕದಲದೆ ಕೂರುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಮನೆಯವರನ್ನೇ ಕಳೆದುಕೊಂಡಂತೆ ದುಃಖಿಸಿ, ಮರುವರ್ಷವೇ ಅವರ ಪ್ರತಿಮೆಯನ್ನು ವೃತ್ತದಲ್ಲಿ ನಿಲ್ಲಿಸಿದ ಊರು ಹೊಸಪೇಟೆ. 2022ರಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’ ಹಾಗೂ ‘ಕಾಂತಾರ’, 2025ರಲ್ಲಿ ‘ಸು ಫ್ರಮ್ ಸೋ’ ತೆರೆಕಂಡಾಗ ನಾಡಿನ ಚಿತ್ರಮಂದಿರಗಳು ತುಂಬಿದ್ದನ್ನು ಎಲ್ಲರೂ ಕಂಡಿದ್ದಾರೆ. ಆಗಲೂ ಜನರ ಕೈಯಲ್ಲಿ ಮೊಬೈಲ್ ಇತ್ತು. ಕರೆದರೆ ಬರುವ ಜನ ಇವರು. ಕರೆಯಬೇಕಾದವರು ಹೇಗೆ ನಡೆದುಕೊಂಡರು ಎಂಬುದನ್ನು ಈಗ ಪರಿಶೀಲಿಸಬೇಕಾಗಿದೆ.

ಟಾಕೀಸುಗಳಿಂದ ಮೊದಲು ದೂರವಾದವರು ಹೆಣ್ಣುಮಕ್ಕಳು. ಅವರ ಕುರ್ಚಿಗಳು ಖಾಲಿಯಾದಾಗ ಯಾರೂ ಆತಂಕಪಡಲಿಲ್ಲ. ಬಾಗಿಲು ಹಾಕಿಕೊಳ್ಳಲು ಚಿಲಕವಿಲ್ಲದ ಶೌಚಾಲಯ, ಸೀಟು ಹರಿದ ಕುರ್ಚಿ, ಮಾತು ಕೇಳದಷ್ಟು ಗದ್ದಲ, ಸೆಕೆಂಡ್ ಷೋ ಬಿಟ್ಟ ಮೇಲೆ ಹಳ್ಳಿಗೆ ಬಸ್ಸಿಲ್ಲದ ದಾರಿ, ಇವುಗಳಲ್ಲಿ ಯಾವುದೂ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ತಾಯಿ ಬರುವುದನ್ನು ನಿಲ್ಲಿಸಿದ ದಿನ ಮಕ್ಕಳೂ ನಿಂತರು, ಅಜ್ಜಿಯೂ ನಿಂತಳು. ಮೊದಲ ಮೂರು ದಿನ ಶಿಳ್ಳೆ ಹೊಡೆಯುವ ಹುಡುಗರನ್ನೇ ನಂಬಿ ವಾರ ನಡೆಸಬೇಕಾದ ಸ್ಥಿತಿ ಬಂತು. ಪ್ರದರ್ಶಕರ ಕಷ್ಟ ಸುಳ್ಳಲ್ಲ. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಬೀಗ ಬಿದ್ದು, ಬಾಗಿಲು ತೆರೆದ ಮೇಲೂ ಅರ್ಧ ಸೀಟುಗಳಿಗಷ್ಟೇ ಅನುಮತಿಯಿದ್ದ ನಷ್ಟವನ್ನು ಅವರು ಇನ್ನೂ ತುಂಬಿಕೊಂಡಿಲ್ಲ. ಅದೇ ಜಾಗದಲ್ಲಿ ಮಳಿಗೆಯೋ ಕಲ್ಯಾಣಮಂಟಪವೋ ಎದ್ದರೆ ಹೆಚ್ಚು ಹುಟ್ಟುವಳಿಯೆಂಬ ಲೆಕ್ಕವೂ ಅವರ ಮುಂದಿದೆ. ಆದರೆ ಗಲ್ಲಾಪೆಟ್ಟಿಗೆ ತುಂಬುತ್ತಿದ್ದ ವರ್ಷಗಳಲ್ಲೂ ಶೌಚಾಲಯ ಹೀಗೆಯೇ ಇತ್ತೆಂಬುದನ್ನು ಮರೆಯಲಾಗದು.

ಚಿತ್ರ ತಯಾರಿಸುವವರ ಹೊಣೆ ಇದಕ್ಕಿಂತ ಹಗುರವೇನಲ್ಲ. ಕನ್ನಡದಲ್ಲಿ ವರ್ಷಕ್ಕೆ ಇನ್ನೂರರಷ್ಟು ಚಿತ್ರಗಳು ಬರುತ್ತವೆ. ಅವುಗಳಲ್ಲಿ ಬಹುಪಾಲಿನ ಹೆಸರೂ ಕಂಪ್ಲಿಯವರೆಗೆ ತಲುಪುವುದಿಲ್ಲ. ಜನ ಕಾಯುವ ನಾಯಕನಟರು ಎರಡು ವರ್ಷಕ್ಕೊಮ್ಮೆ ದರ್ಶನ ಕೊಡುತ್ತಾರೆ. ನಡುವಿನ ತಿಂಗಳುಗಳಲ್ಲಿ ಟಾಕೀಸು ಏನನ್ನು ಉಂಡು ಬದುಕಬೇಕೆಂಬ ಚಿಂತೆ ಅವರಿಗಿದ್ದಂತಿಲ್ಲ. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಒಟಿಟಿಗೆ ಬಂದಾಗ ನಾಡಿನ ಚಿತ್ರಮಂದಿರಗಳೆಲ್ಲ ಮುಚ್ಚಿದ್ದವು; ಅಂದಿನ ನಡೆ ಅನಿವಾರ್ಯವಾಗಿತ್ತು. ಬಾಗಿಲು ತೆರೆದ ಮೇಲೂ ಕೆಲವೇ ವಾರಗಳಲ್ಲಿ ಚಿತ್ರವನ್ನು ಮನೆಮನೆಗೆ ಕಳಿಸುವುದು ಪದ್ಧತಿಯಾಗಿ ಉಳಿದಿರುವಾಗ, ಕಾಯುವುದೇ ಲಾಭವೆಂದು ಪ್ರೇಕ್ಷಕನಿಗೆ ಕಲಿಸಿದವರು ಯಾರು? 1970ರಲ್ಲಿ ಬಿ.ಆರ್. ಪಂತುಲು ‘ಶ್ರೀ ಕೃಷ್ಣದೇವರಾಯ’ ಚಿತ್ರದ ಮೂಲಕ ಈ ನೆಲದ ಕಥೆಯನ್ನು ಈ ನೆಲದವರ ಮುಂದೆ ಇಟ್ಟಿದ್ದರು. ಅನಂತರ ಹಂಪಿಯ ಮಂಟಪಗಳು ಹಾಡುಗಳಿಗೆ ಹಿನ್ನೆಲೆಯಾದದ್ದೇ ಹೆಚ್ಚು. 2011ರಲ್ಲಿ ಗಣಿಗಳು ನಿಂತಾಗ ಕೆಲಸ ಕಳೆದುಕೊಂಡ ಸಂಡೂರಿನ ಲಾರಿ ಚಾಲಕ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ರಾತ್ರಿ ನಿದ್ದೆಗೆಟ್ಟ ಕಂಪ್ಲಿಯ ಭತ್ತದ ರೈತ, ಇಂಥವರನ್ನು ನಮ್ಮ ಪರದೆ ಕಂಡದ್ದು ವಿರಳ. 1953ರವರೆಗೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಗಡಿಸೀಮೆಯ ಪ್ರೇಕ್ಷಕನಿಗೆ ತೆಲುಗು ಚಿತ್ರವೂ ಅಷ್ಟೇ ಹತ್ತಿರ. ತನ್ನನ್ನು ಲೆಕ್ಕಕ್ಕೆ ಹಿಡಿಯದವರಿಗಾಗಿ ಅವನು ಕಾಯುತ್ತ ಕೂರಬೇಕಾಗಿಲ್ಲ.

ಸರ್ಕಾರ ತನ್ನ ಗಮನವನ್ನೆಲ್ಲ ಟಿಕೆಟ್ ದರದ ಮೇಲೆ ಇರಿಸಿದೆ. 2025ರ ಬಜೆಟ್ಟಿನಲ್ಲಿ ಘೋಷಿತವಾದ 200 ರೂಪಾಯಿಯ ಮಿತಿ ಸೆಪ್ಟೆಂಬರಿನಲ್ಲಿ ಆದೇಶವಾಗಿ ಹೊರಬಿದ್ದು, ಕೆಲವೇ ದಿನಗಳಲ್ಲಿ ಹೈಕೋರ್ಟಿನ ತಡೆಯಾಜ್ಞೆಗೆ ಒಳಗಾಯಿತು. ಅದು ಮುಖ್ಯವಾಗಿ ಮಹಾನಗರದ ಮಲ್ಟಿಪ್ಲೆಕ್ಸುಗಳ ಪ್ರಶ್ನೆ. ಇಲ್ಲಿನ ಏಕಪರದೆಯ ಟಾಕೀಸಿನ ದರ ಸಾಮಾನ್ಯ ದಿನಗಳಲ್ಲಿ ಆ ಮಿತಿಯನ್ನು ಮುಟ್ಟುವುದೇ ಅಪರೂಪ. ಅದೇ ತಿಂಗಳು 100 ರೂಪಾಯಿವರೆಗಿನ ಟಿಕೆಟ್ಟಿನ ಜಿ.ಎಸ್‌.ಟಿ. ಶೇ 12ರಿಂದ 5ಕ್ಕೆ ಇಳಿದದ್ದು ನಿಜವಾದ ನೆರವು. ಆದರೆ ಸುಲಭ ದರದ ಟಿಕೆಟ್ ಕೊಂಡವನು ಒಳಗೆ ಎಂಥ ಜಾಗದಲ್ಲಿ ಕೂರುತ್ತಾನೆಂಬುದನ್ನು ನೋಡಿಕೊಳ್ಳುವ ಅಧಿಕಾರವೂ ಆಡಳಿತಕ್ಕೆ ಇದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಚಿತ್ರಮಂದಿರ ಪರವಾನಗಿಯಿಲ್ಲದೆ ನಡೆಯುವಂತಿಲ್ಲ. ಆ ಪರವಾನಗಿಯ ಕಡತಕ್ಕೆ ಸಹಿ ಬೀಳುವ ಮುನ್ನ ಶೌಚಾಲಯದ ಬಾಗಿಲನ್ನೊಮ್ಮೆ ತೆರೆದು ನೋಡುವ ಪರಿಪಾಠವಿದ್ದಿದ್ದರೆ, ಇಂದಿನ ಅನೇಕ ಮಾತುಗಳಿಗೆ ಅವಕಾಶವೇ ಇರುತ್ತಿರಲಿಲ್ಲ.

ಇಂಥ ನಷ್ಟದ ಅನುಭವ ಈ ಪ್ರದೇಶಕ್ಕೆ ಮೊದಲನೆಯದಲ್ಲ. ಹೊಸಪೇಟೆಯ ಮಗ್ಗುಲಲ್ಲಿರುವ ಮರಿಯಮ್ಮನಹಳ್ಳಿ ವೃತ್ತಿರಂಗಭೂಮಿಗೆ ಹೆಸರಾಂತ ಕಲಾವಿದೆಯರನ್ನು ಕೊಟ್ಟ ಊರು. ಸಿನಿಮಾ ಬಂದ ಮೇಲೆ ನಾಟಕ ಕಂಪನಿಗಳ ಡೇರೆಗಳು ಒಂದೊಂದಾಗಿ ಇಳಿದದ್ದನ್ನು, ಅವುಗಳನ್ನೇ ನಂಬಿದ್ದ ಬದುಕುಗಳು ದಿಕ್ಕುಗೆಟ್ಟದ್ದನ್ನು ಅದು ಹತ್ತಿರದಿಂದ ಕಂಡಿದೆ. ಆದರೆ ಅಂದು ಡೇರೆ ಬಿಟ್ಟ ಪ್ರೇಕ್ಷಕ ಇನ್ನೊಂದು ಸೂರಿನ ಕೆಳಗೆ, ಮತ್ತದೇ ನೆರೆಹೊರೆಯವರ ಪಕ್ಕದಲ್ಲಿ ಬಂದು ಕುಳಿತಿದ್ದ. ಇಂದು ಟಾಕೀಸು ಬಿಟ್ಟವನು ಒಂಟಿಯಾಗಿ ಹೋಗುತ್ತಿದ್ದಾನೆ. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರ ನೋಡುತ್ತಾರೆ. ಗಾಂಧಿ ಕ್ಲಾಸಿನ ಹಮಾಲಿಯೂ ಬಾಲ್ಕನಿಯ ಸಾಹುಕಾರನೂ ಒಂದೇ ಮಾತಿಗೆ ಒಟ್ಟಿಗೆ ನಗುತ್ತಿದ್ದ ಜಾಗ, ಜಾತಿ ಕೇಳದೆ ಟಿಕೆಟ್ ಮಾತ್ರ ಕೇಳುತ್ತಿದ್ದ ಜಾಗ, ಈ ಊರುಗಳಲ್ಲಿ ಬೇರೆ ಎಷ್ಟಿವೆಯೆಂದು ಎಣಿಸಿ ನೋಡಿದರೆ ನಷ್ಟದ ಪ್ರಮಾಣ ತಿಳಿಯುತ್ತದೆ.

ಪತ್ರಿಕೆಗಳೂ ಈ ಹೊಣೆಯಿಂದ ಹೊರಗಿಲ್ಲ. ಮೊದಲ ದಿನದ ಗಳಿಕೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದ ನಾವು, ಮೂರನೆಯ ವಾರ ಟಾಕೀಸಿನೊಳಗೆ ಹೋಗಿ ನೋಡಿದ್ದು ಕಡಿಮೆ. ಪ್ರದರ್ಶಕ, ನಿರ್ಮಾಪಕ, ನಟ, ಆಡಳಿತ, ಪತ್ರಿಕೆ, ಇವರೆಲ್ಲರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಬಾಕಿ ಉಳಿಸಿಕೊಂಡಿರುವಾಗ ಪ್ರೇಕ್ಷಕನನ್ನು ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಅವನು ದುಡ್ಡು ಕೊಟ್ಟ, ಕಟೌಟಿಗೆ ಹಾರ ಹಾಕಿದ, ಪ್ರತಿಮೆ ನಿಲ್ಲಿಸಿದ. ಆತನಿಗೆ ಸಲ್ಲಬೇಕಾಗಿದ್ದ ಗಟ್ಟಿ ಕುರ್ಚಿ, ಶುಚಿಯಾದ ನೆಲ ಮತ್ತು ತನ್ನದೆನಿಸುವ ಕಥೆ ಇನ್ನೂ ಸಂದಿಲ್ಲ. ಆ ಬಾಕಿ ತೀರುವ ಮೊದಲು ಅವನು ಏಕೆ ಬರುತ್ತಿಲ್ಲವೆಂದು ಕೇಳುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.