ಮೊದಲ ಬೈಕು ಎಷ್ಟು ಕೆಜಿ?

ಚಿಕ್ಕಪ್ಪನ ಮಗನಿಗೆ ಲೈಸೆನ್ಸ್ ಬಂದು ವಾರ ಆಗಿಲ್ಲ, ಆಗಲೇ ಬುಲೆಟ್ ಬೇಕಂತೆ! ಹೊಸಬರೆಲ್ಲ ಸಿಸಿ ಕೇಳ್ತಾರೆ, ಮೈಲೇಜ್ ಕೇಳ್ತಾರೆ; ತೂಕ ಮಾತ್ರ ಯಾರೂ ಕೇಳಲ್ಲ. ಸ್ಪ್ಲೆಂಡರ್ ಸುಮಾರು 112 ಕೆಜಿ, ಬುಲೆಟ್ 350 ಸುಮಾರು 195. ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ ಮಾರಾಯ್ರೆ, ಗೊತ್ತಾಗೋದು ನಿಂತಾಗ. ಮಳೆಗಾಲದಲ್ಲಿ ಏರು ರಸ್ತೆಯ ಸಿಗ್ನಲ್ಲು, ಹಿಂದೆ ಬಸ್ಸಿನ ಹಾರ್ನು, ಗಾಬರೀಲಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಆಗಿ ಗಾಡಿ ವಾಲಿತು ಅನ್ನಿ... ಒಂದು ಕಾಲಲ್ಲಿ ತಡೆಯೋಕಾಗತ್ತಾ? 125 ಸಿಸಿ ದಾಟಿದ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ, ನಿಜ. ನಿಂತ ಗಾಡಿ ವಾಲಿದ್ರೆ ಅದೇನು ಮಾಡತ್ತೆ?

ಷೋರೂಮಲ್ಲಿ ಸ್ಟ್ಯಾಂಡ್ ತೆಗೆದು, ಎರಡೂ ಪಾದ ನೆಲಕ್ಕೂರಿ, ಗಾಡಿನ ಹಿಂದಕ್ಕೆ ತಳ್ಳಿ ನೋಡಬೇಕು. ನನ್ನ ಕೇಳಿದ್ರೆ ಮೊದಲ ವರ್ಷಕ್ಕೆ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರೇ ಸಾಕು, ಗೀರು ಬಿದ್ರೂ ಹೊಟ್ಟೆ ಉರಿಯಲ್ಲ. ಬುಲೆಟ್ ಓಡಿಸೋ ಬ್ಲಾಗಿಗರೇ, ಬೈಬೇಡಿ :)