ನಾಯಿಯ ಜಾತಿ ನೋಡಬೇಕೋ, ನಡತೆಯೋ?

ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಪಿಟ್‌ಬುಲ್ ನಾಯಿಯನ್ನು ನಾವು ಕಂಡಿದ್ದು ಪೇಪರಿನ ಫೋಟೋದಲ್ಲಷ್ಟೇ. ಮಕ್ಕಳು ಕೈಯಲ್ಲಿ ಕಲ್ಲು ಹಿಡಿದು ಶಾಲೆಗೆ ಬರುವುದು ಓಣಿಯ ನಾಯಿಗಳಿಗೆ ಹೆದರಿ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಕೂಸನ್ನು ಕೊಂದದ್ದೂ ತಳಿಯ ಹೆಸರಿಲ್ಲದ ಬೀದಿನಾಯಿಗಳೇ.

ಆದರೆ ಕೇಂದ್ರ ಸರಕಾರ 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳ ಮಾರಾಟ, ಸಾಕಣೆಗೆ ಲೈಸೆನ್ಸ್ ಕೊಡಬೇಡಿರೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟು ಏಪ್ರಿಲ್ 10ಕ್ಕೇ ಅದನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು ಅಂತೀವಿ ನಾವು. ಕ್ಲಾಸಿನಲ್ಲಿ ಜಗಳವಾದರೆ ಅಡ್ಡಹೆಸರು ನೋಡಿ ಹೊರಗೆ ನಿಲ್ಲಿಸುತ್ತೇವೆಯೇ? ಹೊಡೆದವನನ್ನು ಹಿಡಿಯುತ್ತೇವೆ. (ಅವನಪ್ಪನನ್ನೂ ಕರೆಸುತ್ತೇವೆ!) ಹಾಲೆಂಡಿನವರು 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ಕಮ್ಮಿಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟರು.

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ತಳಿ ಕೇಳುವುದಿಲ್ಲ. ತನ್ನ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರ ಜೊತೆಗೆ, ಒಮ್ಮೆ ಕಚ್ಚಿದ ಸಾಕುನಾಯಿಯನ್ನು ಪಂಚಾಯಿತಿ ಬರೆದಿಟ್ಟುಕೊಳ್ಳಲಿ. ಹೊರಗೆ ತರುವಾಗ ಅದಕ್ಕೆ ಸರಪಳಿ, ಬಾಯಿಕುಕ್ಕೆ ಕಡ್ಡಾಯವಾಗಲಿ. ಯಜಮಾನ ಇಲ್ಲದ ನಾಯಿಗೂ ಅಳತೆ ನಡತೆಯೇ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಹಿಡಿದ ಬೀದಿನಾಯಿಗಳಲ್ಲಿ ರೇಬೀಸ್ ತಗುಲಿದವನ್ನೂ ಮೈಮೇಲೆ ಬೀಳುವಂಥವನ್ನೂ ತಿರುಗಿ ಬಿಡಬಾರದು ಎಂದಿತು. ಮೈಮೇಲೆ ಬೀಳುವುದು ಯಾವುದು ಅಂತ ಪತ್ತೆ ಹಚ್ಚುವುದು ಹೇಗೆ ಅಂತೀರಾ? ನಮ್ಮ ಮೂರನೇ ಕ್ಲಾಸಿನ ಹುಡುಗರನ್ನು ಕೇಳಿ, ಬೊಟ್ಟು ಮಾಡಿ ತೋರಿಸುತ್ತಾರೆ.